ಮೂರು ಟಿಟಿ600, ಒಂದು ಎಕ್ಸ್2ಟಿ: ಲೊಕೇಶನ್ ಶೂಟ್‌ಗೆ ಅಗ್ಗದ ಬೆಳಕು

ಕ್ಯಾಮೆರಾ ಕಂಪನಿಯದೇ ದೊಡ್ಡ ಫ್ಲ್ಯಾಶ್ ಒಂದಕ್ಕೆ ಸುರಿಯುವ ದುಡ್ಡಿನಲ್ಲಿ ಗೋಡಾಕ್ಸ್ ಟಿಟಿ600 ಮೂರನ್ನು ಎಕ್ಸ್2ಟಿ ಟ್ರಿಗರ್ (ಕ್ಯಾಮೆರಾ ಮೇಲೆ ಕೂತು ದೂರದ ಫ್ಲ್ಯಾಶ್‌ಗಳನ್ನು ರೇಡಿಯೊದಿಂದ ಹಚ್ಚುವ ಸಾಧನ) ಸಮೇತ ಕೊಳ್ಳಬಹುದು. ಟಿಟಿಎಲ್, ಅಂದರೆ ಕ್ಯಾಮೆರಾನೇ ಬೆಳಕು ಅಳೆದು ಫ್ಲ್ಯಾಶ್ ಪವರ್ ಇಡುವ ಸೌಲಭ್ಯ, ಇಲ್ಲ; ಪವರನ್ನು ಕೈಯಾರೆ ಇಡಬೇಕು. ಸ್ಟ್ಯಾಂಡ್ ಮೇಲೆ ನಿಂತ ಫ್ಲ್ಯಾಶ್‌ಗೆ ಅದೇನೂ ಕೊರತೆಯಲ್ಲ. ಜನರ ಹಿಂದೆ ಓಡುತ್ತ ತೆಗೆಯುವ ಕೆಲಸವಾದರೆ ಇದು ಬೇಡ.

ಗೈಡ್ ನಂಬರ್ (ಫ್ಲ್ಯಾಶ್ ಶಕ್ತಿಯ ಅಳತೆ) 60 ಎಂದು ಓದಿ ಹಿಗ್ಗಬೇಡಿ. ಅದು ಐಎಸ್‌ಒ 100ರಲ್ಲಿ, ಫ್ಲ್ಯಾಶ್ ಝೂಮ್ 200 ಎಂಎಂನಲ್ಲಿದ್ದಾಗಿನ ಲೆಕ್ಕ. ಬೆಳಕು ಮೆದುಗೊಳಿಸುವ ಛತ್ರಿ ತುಂಬಲೆಂದು ಝೂಮನ್ನು 35ಕ್ಕೆ ಇಳಿಸಿದ ಮೇಲೆ, ಬಟ್ಟೆ ತನ್ನ ಪಾಲು ನುಂಗಿದ ಮೇಲೆ, ಉಳಿಯುವುದು ಬಹಳ ಕಡಿಮೆ. ನೆರಳು, ಸಂಜೆ, ಒಳಾಂಗಣಕ್ಕೆ ಧಾರಾಳ. ನಡು ಮಧ್ಯಾಹ್ನದ ಬಿಸಿಲಿಗೆ ಸಾಲದು. ಆಗ ಎರಡನ್ನು ಒಂದೇ ಛತ್ರಿಗೆ ಕಟ್ಟಿ: ಒಂದು ಸ್ಟಾಪ್, ಅಂದರೆ ಎರಡರಷ್ಟು, ಬೆಳಕು ಹೆಚ್ಚುತ್ತದೆ. ಹೈಸ್ಪೀಡ್ ಸಿಂಕ್ (ತೀರಾ ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಬಳಸುವ ವಿಧಾನ) ಇದೆ, ಆದರೆ ಅದು ಸುಮಾರು ಎರಡು ಸ್ಟಾಪ್ ಅಥವಾ ಇನ್ನೂ ಹೆಚ್ಚು ಬೆಳಕು ತಿನ್ನುವುದರಿಂದ ಬಿಸಿಲಿಗೆ ಅದೇ ಮದ್ದು ಎಂದುಕೊಳ್ಳುವುದು ತಪ್ಪು.

ಫ್ಲ್ಯಾಶ್ ಯಾವ ಕ್ಯಾಮೆರಾದ್ದೆಂಬುದು ಸ್ಟ್ಯಾಂಡ್ ಮೇಲೆ ಮುಖ್ಯವಲ್ಲ. ಟ್ರಿಗರ್ ಮಾತ್ರ ನಿಮ್ಮ ಕ್ಯಾಮೆರಾ ಬ್ರ್ಯಾಂಡಿಗೆಂದೇ ಮಾಡಿದ್ದಿರಬೇಕು. ಎಲ್ಲಕ್ಕೂ ಒಂದೇ ಚಾನೆಲ್, ಒಂದೇ ಐಡಿ ಕೊಡಿ. ಮುಖ್ಯ ಬೆಳಕು ಗ್ರೂಪ್ ಎ, ಫಿಲ್ (ನೆರಳು ತಿಳಿಗೊಳಿಸುವ ಬೆಳಕು) ಬಿ, ಹಿಂದಿನಿಂದ ಕೂದಲಿಗೆ ಬೀಳುವುದು ಸಿ. ಟ್ರಿಗರ್‌ನಲ್ಲಿ ಮೂರೂ ಗ್ರೂಪ್ ಮ್ಯಾನ್ಯುಯಲ್‌ನಲ್ಲಿರಲಿ. ಮೊದಲು ಮೂರನ್ನೂ ಆಫ್ ಮಾಡಿ, ಶಟರ್ 1/160ರಲ್ಲಿಟ್ಟು ಹಿನ್ನೆಲೆ ಒಂದು ಸ್ಟಾಪ್ ಕಪ್ಪಾಗುವಂತೆ ಅಪರ್ಚರ್, ಐಎಸ್‌ಒ ಹೊಂದಿಸಿ. ನಂತರ ಎ ಮಾತ್ರ 1/4 ಪವರ್‌ನಲ್ಲಿ. ಮುಖದ ಬೆಳಕು ಸರಿಯಾದ ಮೇಲೆ ಬಿಯನ್ನು 1/16ರಲ್ಲಿ, ಕಡೆಗೆ ಸಿ. ಮೂರನ್ನೂ ಒಟ್ಟಿಗೆ ಹಚ್ಚಿದರೆ ನೆರಳು ಯಾವುದರದೆಂದೇ ಗೊತ್ತಾಗದು. ಹಿನ್ನೆಲೆ ಮಾತ್ರ ಬದಲಾಗಬೇಕೆಂದರೆ ಶಟರ್ ತಿರುಗಿಸಿ, ಅಪರ್ಚರ್ ಅಲ್ಲ.

ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬಂದರೆ ಶಟರ್ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಹೊಂದುವ ಗರಿಷ್ಠ ಶಟರ್ ವೇಗ) ಮೀರಿದೆ. ಕೈಯಳತೆಯಲ್ಲಿರುವ ಫ್ಲ್ಯಾಶ್ ಹಚ್ಚಿಕೊಳ್ಳದಿದ್ದರೆ ಎಕ್ಸ್2ಟಿಯಲ್ಲಿ ದೂರದ ಸೆಟ್ಟಿಂಗ್ 0-30 ಮೀಟರ್‌ಗೆ ಬದಲಿಸಿ. ತೀರಾ ಹತ್ತಿರದಲ್ಲಿ ಸಿಗ್ನಲ್ ಜೋರಾಗಿಯೇ ಕೆಡುತ್ತದೆ. ಎಸ್1, ಎಸ್2 ಆಪ್ಟಿಕಲ್ ಸ್ಲೇವ್ (ಬೇರೊಂದು ಫ್ಲ್ಯಾಶ್‌ನ ಬೆಳಕು ಕಂಡು ತಾನೂ ಉರಿಯುವ ವಿಧಾನ) ಬಿಸಿಲಲ್ಲಿ ನಂಬಿಕೆಗಲ್ಲ, ಜನ ಸೇರಿದಲ್ಲಿ ಯಾರದೋ ಫ್ಲ್ಯಾಶ್‌ಗೆ ನಿಮ್ಮದು ಉರಿಯುತ್ತದೆ.

ಈ ಕಿಟ್‌ನ ನಿಜವಾದ ಬಡತನ ಫ್ಲ್ಯಾಶ್‌ನಲ್ಲಿಲ್ಲ, ಸುತ್ತಲ ಸಾಮಾನಿನಲ್ಲಿದೆ. ಒಂದೊಂದಕ್ಕೆ ನಾಲ್ಕು ಎಎ ಸೆಲ್ ಬೇಕು, ಟ್ರಿಗರ್‌ಗೆ ಎರಡು. ಒಟ್ಟು ಹದಿನಾಲ್ಕು, ಬದಲಿ ಜೊತೆ ಇಪ್ಪತ್ತೆಂಟು. ಆಲ್ಕಲೈನ್ ಸೆಲ್ ಕೆಲವೇ ಹೊಡೆತಕ್ಕೆ ನಿಧಾನವಾಗುತ್ತವೆ, ಸುಮಾರು 2000 ಎಂಎಎಚ್‌ನ ನಿಕಲ್ ಮೆಟಲ್ ಹೈಡ್ರೈಡ್ ಕೊಳ್ಳಿ. ಹಳೆಯದು ಹೊಸದು ಬೆರೆಸಬೇಡಿ. ಫುಲ್ ಪವರ್‌ನಲ್ಲಿ ಸಾಲಾಗಿ ಹೊಡೆದರೆ ಬಿಸಿಯಾಗಿ ತಾನೇ ನಿಧಾನಿಸುತ್ತದೆ, 1/4ರ ಆಸುಪಾಸಿನಲ್ಲಿ ದುಡಿಸಿದರೆ ದಿನವಿಡೀ ಬರುತ್ತದೆ.

ಪ್ಲಾಸ್ಟಿಕ್ ಕೋಲ್ಡ್ ಶೂ (ಫ್ಲ್ಯಾಶ್‌ನ ಕಾಲು ಕೂರುವ ಗಾಡಿ) ಇರುವ ಛತ್ರಿ ಹಿಡಿಕೆ ತಪ್ಪಿಸಿ. ಗೋಡಾಕ್ಸ್‌ನ ಎಸ್ ಟೈಪ್ ಬ್ರ್ಯಾಕೆಟ್ ಫ್ಲ್ಯಾಶ್‌ನ ತಲೆಯನ್ನೇ ಕಚ್ಚುತ್ತದೆ, ಕಾಲು ಮುರಿಯುವ ಭಯವಿಲ್ಲ, ಬೋವೆನ್ಸ್ ಮೌಂಟಿನ ಸಾಫ್ಟ್‌ಬಾಕ್ಸೂ (ಬೆಳಕು ಮೆದುಗೊಳಿಸುವ ಬಟ್ಟೆ ಪೆಟ್ಟಿಗೆ) ಕೂರುತ್ತದೆ. ತೆಳ್ಳನೆಯ ಸ್ಟ್ಯಾಂಡ್ ಛತ್ರಿ ಹೊತ್ತರೆ ಸಣ್ಣ ಗಾಳಿಗೂ ಹಾಯಿದೋಣಿ. ಪ್ರತಿ ಕಾಲಿಗೆ ಮರಳು ಚೀಲ ಹಾಕಿ, ಚೀಲವಿಲ್ಲದಿದ್ದರೆ ಛತ್ರಿ ಬಿಚ್ಚಲೇ ಬೇಡಿ.