ಪಾರ್ಕಿಂಗ್ ಕಟ್ಟಕ್ಕೆ ಅಗೆದಾಗ ಸಿಕ್ಕಿದ ಸ್ಮಶಾನ: ವ್ಯಾಟಿಕನ್ ವಿಯಾ ಟ್ರಯಂಫಾಲಿಸ್ ಟೂರ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ವ್ಯಾಟಿಕನ್‌ನಲ್ಲಿ ನೋಡೋಕೆ ಎರಡು ಹಳೇ ಸ್ಮಶಾನ ಇವೆ, ಕನ್‌ಫ್ಯೂಸ್ ಆಗ್ಬೇಡಿ. ಸೇಂಟ್ ಪೀಟರ್ಸ್ ಚರ್ಚ್ ಅಡಿಲಿರೋದು ಬೇರೆ, ಅದಕ್ಕೆ ಸ್ಕಾವಿ ಅನ್ನೋ ವ್ಯಾಟಿಕನ್‌ನ ಉತ್ಖನನ ಆಫೀಸಲ್ಲಿ ಕೇಳ್ಬೇಕು. ನಾವು ಹೋಗಿದ್ದು ವಿಯಾ ಟ್ರಯಂಫಾಲಿಸ್ ಅನ್ನೋ ರೋಮನ್ ರಸ್ತೆ ಪಕ್ಕದ್ದು, ಇದು ವ್ಯಾಟಿಕನ್ ಮ್ಯೂಸಿಯಂನವರದ್ದು. ನಮಗೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್‌ಗೇ ಈ ವ್ಯತ್ಯಾಸ ಗೊತ್ತಿರ್ಲಿಲ್ಲ, ಎರಡು ದಿನ ಮೇಲ್ ಮೇಲೆ ಮೇಲ್ ಹಾಕಿ ಸರಿ ಮಾಡಿಸ್ಕೊಂಡ್ವಿ, ನೀವು ಮ್ಯೂಸಿಯಂ ವೆಬ್‌ಸೈಟಲ್ಲೇ ಬುಕ್ ಮಾಡಿ.

ರೋಮನ್ನರು ಊರೊಳಗೆ ಹೆಣ ಹೂಳೋ ಹಾಗಿರ್ಲಿಲ್ಲ, ಅದಕ್ಕೆ ಊರಾಚೆ ರಸ್ತೆ ಪಕ್ಕದಲ್ಲೇ ಸಮಾಧಿ ಕಟ್ತಿದ್ರು, ವ್ಯಾಟಿಕನ್ ಗುಡ್ಡ ಆಗ ಊರಾಚೆ. ಗುಡ್ಡ ಕುಸಿದು ಮಣ್ಣು ಮುಚ್ಕೊಂಡಿದ್ರಿಂದಾನೇ ಇಷ್ಟೊಂದು ಹಾಗೇ ಉಳ್ಕೊಂಡಿದೆ. 1956ರಲ್ಲಿ ವ್ಯಾಟಿಕನ್ ಗಾಡಿಗಳ ಗ್ಯಾರೇಜಿಗೆ ಅಗೆದಾಗ ಒಂದು ಭಾಗ ಸಿಕ್ತು, 2003ರಲ್ಲಿ ಪಾರ್ಕಿಂಗ್‌ಗೆ ಅಗೆದಾಗ ಸಾಂತಾ ರೋಸಾ ಅನ್ನೋ ಇನ್ನೊಂದು ಭಾಗ.

ಒಳಗೆ ಮೆಟಲ್ ವಾಕ್‌ವೇ ಮೇಲೆ ನಡ್ಕೊಂಡು ಕೆಳಗೆ ನೋಡ್ತಾ ಹೋಗೋದು. ಶ್ರೀಮಂತರ ಸಮಾಧಿನೂ ಇವೆ, ಕುಡಿದು ತೂರಾಡೋ ಡಯೋನಿಸಸ್ ಅನ್ನೋ ವೈನ್ ದೇವರ ಮೊಸಾಯಿಕ್ ನೆಲ ಅಂತೂ ತುಂಬಾ ಚೆನ್ನಾಗಿದೆ, ಆದ್ರೆ ನನ್ನ ಮನಸ್ಸಲ್ಲಿ ಕೂತಿದ್ದು ಬಡವರ ಗುಂಡಿಗಳು. ಗುಲಾಮರು, ಬಿಡುಗಡೆಯಾದ ಗುಲಾಮರು, ಕೈಕಸುಬಿನವರು. ಆಲ್ಕಿಮುಸ್ ಅಂತ ಒಬ್ಬ, ನೀರೋ ಚಕ್ರವರ್ತಿಯ ಗುಲಾಮ, ರೋಮ್‌ನಲ್ಲಿದ್ದ ಪಾಂಪೆ ಥಿಯೇಟರಿನ ರಂಗಸಜ್ಜಿಕೆ ನೋಡ್ಕೊಳ್ತಿದ್ದವನು, ಅವನ ಹೆಸರು, ಕೆಲಸ ಎರಡನ್ನೂ ಕಲ್ಲಲ್ಲಿ ಕೆತ್ತಿದ್ದಾರೆ, ಎರಡು ಸಾವಿರ ವರ್ಷ ಆಗ್ತಾ ಬಂದ್ರೂ ನಾವು ಅವನ ಹೆಸರು ಹಿಡಿದು ಮಾತಾಡ್ತಿದೀವಿ.

ಆಮೇಲೆ ಮಣ್ಣಿನ ಕೊಳವೆಗಳು. ಸುಟ್ಟ ಬೂದಿ ಇಟ್ಟಿರೋ ಜಾಗಕ್ಕೆ ಮೇಲಿಂದ ಒಂದು ಕೊಳವೆ ಇಳಿಸಿರ್ತಾರೆ, ಸತ್ತವರ ದಿನಗಳಲ್ಲಿ ಮನೆಯವರು ಬಂದು ಅದರೊಳಗೆ ವೈನು, ಹಾಲು, ಜೇನು ಹುಯ್ತಿದ್ರಂತೆ. ಅಮ್ಮ ಅದನ್ನ ನೋಡ್ತಾ ನಿಂತ್ಬಿಟ್ರು, 'ನಾವು ಪಕ್ಷದಲ್ಲಿ ಎಡೆ ಇಡಲ್ವೇನೋ, ಹಾಗೇ ಕಣೋ ಇದು' ಅಂದ್ರು. ಗೈಡ್ ಅರ್ಧ ಗಂಟೆ ವಿವರಿಸಿದ್ದು ಅಮ್ಮಂಗೆ ಇಂಗ್ಲಿಷಲ್ಲಿ ಅರ್ಥ ಆಗಿರ್ಲಿಲ್ಲ, ಆ ಕೊಳವೆ ನೋಡಿದ್ದೇ ಅರ್ಥ ಆಯ್ತು.

ಇಲ್ಲಿ ಒಂದು ಮಗುವಿನ ಅಸ್ಥಿಪಂಜರದ ಜೊತೆ ಕೋಳಿಮೊಟ್ಟೆ ಇಟ್ಟಿದ್ದೂ ಸಿಕ್ಕಿದೆ, ಒಡೆದಿದ್ದ ಚಿಪ್ಪನ್ನ ತಜ್ಞರು ಕೂಡಿಸಿದ್ದಾರೆ. ಮತ್ತೆ ಹುಟ್ಟಿ ಬರ್ಲಿ ಅನ್ನೋ ಆಸೆಯ ಗುರುತಂತೆ ಮೊಟ್ಟೆ. ಅದನ್ನ ಕೇಳಿದ್ಮೇಲೆ ನಮ್ಮ ಗುಂಪಲ್ಲಿ ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ.

ನನ್ನ ಕಡೆಯಿಂದ 5ಕ್ಕೆ 5. ಸಿಸ್ಟೀನ್ ಚಾಪೆಲ್ ರಶ್ಶಲ್ಲಿ ನಿಂತು ಸುಸ್ತಾದ್ಮೇಲೆ ಇಲ್ಲಿಗೆ ಬರ್ಬೇಡಿ, ಇನ್ನೊಂದು ದಿನ ಬೆಳಿಗ್ಗೆನೇ ಬನ್ನಿ, ವಯಸ್ಸಾದವರು ಜೊತೇಲಿದ್ರೆ ಜಾರದ ಚಪ್ಪಲಿ ಹಾಕಿಸ್ಕೊಂಡು ಬನ್ನಿ.