ಒಬ್ಬ ಬ್ರೈಲ್, ಮೂರು ಪುಸ್ತಕ

ಮಕ್ಕಳಿಬ್ಬರಿಗೆ ಮನೆಯಲ್ಲೇ ಪಾಠ ಆರಂಭಿಸಿದಾಗ, ಇತಿಹಾಸಕ್ಕೆ ಪಠ್ಯಪುಸ್ತಕವೇ ಬೇಡ, ಜೀವನಚರಿತ್ರೆಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ ಸಾಕು ಎಂದುಕೊಂಡಿದ್ದೆ. ಎಂಥ ಜೀವನಚರಿತ್ರೆ ಎಂಬ ತಲೆನೋವು ಶುರುವಾದದ್ದು ಆಮೇಲೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಕೊನೆಗೆ ಅಂಧರು ಬೆರಳಿನಿಂದ ಓದುವ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಒಬ್ಬನನ್ನೇ ಹಿಡಿದು ಮೂರು ಬಗೆಯ ಪುಸ್ತಕಗಳಲ್ಲಿ ಓದಿ ನೋಡಿದೆ.

ನೂರು ಸಾಧಕರ ಸಂಗ್ರಹದಲ್ಲಿ ಅವನಿಗೆ ಸಿಕ್ಕಿದ್ದು ಒಂದು ಪುಟ. 1809ರಲ್ಲಿ ಜನನ, ಚುಕ್ಕೆಗಳ ಲಿಪಿ, 1852ರಲ್ಲಿ ಮರಣ. ಐದು ನಿಮಿಷದಲ್ಲಿ ಓದು ಮುಗಿಯಿತು, ಮಾರನೆಯ ದಿನಕ್ಕೆ ಮಗನ ತಲೆಯಿಂದಲೂ ಮುಗಿದುಹೋಗಿತ್ತು.

ಚಿತ್ರಪುಸ್ತಕದ ಮಾತು ಬೇರೆ. ಅಪ್ಪ ಕುದುರೆಯ ಜೀನು, ಲಗಾಮು ಹೊಲಿಯುವ ಕೋಣೆ. ಮೂರು ವರ್ಷದ ಹುಡುಗನ ಕೈಯಲ್ಲಿ ಚರ್ಮ ಚುಚ್ಚುವ ಮೊನೆ. ಆ ಪುಟ ತಿರುವುವಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಓದು ಮುಗಿದ ಮೇಲೆ ಮಗ ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತಾ ಮನೆಯೆಲ್ಲ ಸುತ್ತಿದ. ಆದರೆ ಆ ಪುಸ್ತಕ ಹದಿನೈದರ ಬ್ರೈಲ್ ಲಿಪಿ ರೂಪಿಸಿದಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಯುತ್ತದೆ. ಅವನು ಕಲಿತು ಕಲಿಸಿದ ಪ್ಯಾರಿಸ್ಸಿನ ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ಸತ್ತು ಎರಡು ವರ್ಷಗಳಾದ ಮೇಲೆ. ಆ ದೀರ್ಘ ಕಾಯುವಿಕೆಗೆ ಚಿತ್ರಪುಸ್ತಕದಲ್ಲಿ ಜಾಗವಿಲ್ಲ.

ಮೂರನೆಯದು ಅಧ್ಯಾಯಗಳಿರುವ ಪುಸ್ತಕ. ಮೂರು ವಾರ ಹಿಡಿಯಿತು. ಮೊದಲೆರಡು ಅಧ್ಯಾಯ ಎಳೆಯುತ್ತಿತ್ತು, ಮಗ ಕುರ್ಚಿಯಿಂದ ಜಾರಿ ನೆಲಕ್ಕೆ ಬಂದಿದ್ದ. ಅವನು ಮೇಲೆದ್ದು ಕುಳಿತದ್ದು ಶಾರ್ಲ್ ಬಾರ್ಬಿಯೇ ಬಂದಾಗ. ಈ ಮಾಜಿ ಸೇನಾಧಿಕಾರಿಯ ಲಿಪಿಯಲ್ಲಿ ಹನ್ನೆರಡು ಚುಕ್ಕೆಗಳು. ಅವು ಅಕ್ಷರಗಳನ್ನಲ್ಲ, ಧ್ವನಿಗಳನ್ನು ಸೂಚಿಸುತ್ತಿದ್ದವು. ನಾವು ದಪ್ಪ ಕಾಗದದ ಹಿಂಬದಿಯಿಂದ ಚುಚ್ಚಿ ಹನ್ನೆರಡರ ಗುಂಪು ಒಂದು, ಆರರ ಗುಂಪು ಒಂದು ಮಾಡಿದೆವು. ಹನ್ನೆರಡನ್ನು ತಿಳಿಯಲು ಬೆರಳು ಮೇಲೆ ಕೆಳಗೆ ಓಡಾಡಬೇಕು. ಆರು ಬೆರಳ ತುದಿಯೊಳಗೇ ಅಡಗುತ್ತವೆ. ಬ್ರೈಲ್ ಅರ್ಧಕ್ಕಿಳಿಸಿದ್ದು ಏಕೆಂದು ನಾನು ವಿವರಿಸಬೇಕಾಗಲಿಲ್ಲ.

ಇತಿಹಾಸ ಹಿಂಬಾಗಿಲಿನಿಂದ ಬಂತು. ಅವನು ಹುಟ್ಟಿದಾಗ ನೆಪೋಲಿಯನ್ ಚಕ್ರವರ್ತಿ. ಆಮೇಲೆ ಹದಿನೆಂಟನೆಯ ಲೂಯಿ, ಹತ್ತನೆಯ ಚಾರ್ಲ್ಸ್, 1830ರ ಕ್ರಾಂತಿಯ ನಂತರ ಲೂಯಿ ಫಿಲಿಪ್, 1848ರಲ್ಲಿ ಮತ್ತೆ ಗಣರಾಜ್ಯ. ನಲವತ್ಮೂರು ವರ್ಷದ ಒಂದೇ ಆಯುಷ್ಯದಲ್ಲಿ ಇಷ್ಟೆಲ್ಲ! ಮಗಳು ಗೋಡೆಯ ಕಾಗದದ ಪಟ್ಟಿಯಲ್ಲಿ ಅವನ ಬದುಕಿನ ಗೆರೆ ಎಳೆಯುವಾಗ ಡಾರ್ವಿನ್ ಮತ್ತು ಲಿಂಕನ್ ಕೂಡ 1809ರಲ್ಲೇ ಹುಟ್ಟಿದವರೆಂದು ಕಂಡುಕೊಂಡಳು. ಅದೂ ಇಬ್ಬರೂ ಫೆಬ್ರುವರಿ 12ರಂದು. ಎರಡು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಈ ಪುಸ್ತಕಕ್ಕೂ ಒಂದು ಕಾಯಿಲೆಯಿದೆ: ಪುಟಪುಟಕ್ಕೂ ಸಂಭಾಷಣೆ. "ಅಪ್ಪಾ, ಅವರು ಹೀಗೆ ಮಾತಾಡಿದ್ದನ್ನು ಬರೆದಿಟ್ಟುಕೊಂಡವರು ಯಾರು?" ಎಂದು ಮಗಳು ಕೇಳಿದಳು. ಪುಸ್ತಕ ಮುಚ್ಚಿಟ್ಟು ಜಾರ್ಜ್ ವಾಷಿಂಗ್ಟನ್ನನ ಚೆರಿ ಮರದ ಕಥೆ ಹೇಳಿದೆ. ಅವನು ಸತ್ತದ್ದು 1799ರಲ್ಲಿ. ಮರ ಕಡಿದು ಅಪ್ಪನೆದುರು ಒಪ್ಪಿಕೊಂಡ ಪ್ರಸಂಗ ವೀಮ್ಸ್ ಎಂಬ ಪಾದ್ರಿಯ ಪುಸ್ತಕಕ್ಕೆ ಸೇರಿದ್ದು 1806ರ ಆವೃತ್ತಿಯಲ್ಲಿ. ಸತ್ಯ ನುಡಿಯಬೇಕೆಂದು ಕಲಿಸಲು ಹೆಣೆದ ಕಟ್ಟುಕಥೆ ಎಂದಾಗ ಮಗಳು ಬಿದ್ದು ಬಿದ್ದು ನಕ್ಕಳು. ಈಗ ಯಾವ ಪುಸ್ತಕ ತೆರೆದರೂ ಉದ್ಧರಣ ಚಿಹ್ನೆ ಕಂಡಲ್ಲಿ ಅವಳ ಹುಬ್ಬು ಮೇಲೇರುತ್ತದೆ.

ಆಡಿಯೊ ಪುಸ್ತಕವನ್ನೂ ಒಮ್ಮೆ ಪ್ರಯತ್ನಿಸಿದೆ. ಆ ಕಂಠ ನನ್ನದಕ್ಕಿಂತ ನೂರು ಪಾಲು ಚೆಂದ. ಆದರೆ ಮಗ ಕೇಳಿದ ಪ್ರಶ್ನೆಗೆ ಅದು ನಿಲ್ಲಲಿಲ್ಲ. ಎರಡನೆಯ ಪ್ರಶ್ನೆಯನ್ನು ಅವನು ಕೇಳಲೂ ಇಲ್ಲ.

ಹಾಗಾಗಿ ಮೊದಲ ದಿನ ಚಿತ್ರಪುಸ್ತಕ, ಮರುದಿನದಿಂದ ಅಧ್ಯಾಯಗಳು ಎಂದು ಗೊತ್ತುಮಾಡಿಕೊಂಡಿದ್ದೇನೆ. ನೂರು ಸಾಧಕರ ಸಂಗ್ರಹ ಮಗಳ ಬಳಿಯಿದೆ. ಗೋಡೆಯ ಪಟ್ಟಿಗೆ ಇಸವಿಗಳನ್ನು ಹುಡುಕಲು ಅವಳಿಗೆ ಅದು ಬೇಕು.