ಮಾವನ ಕೋಣೆಗೆ ಮೂರು ಬಣ್ಣ ತಂದು ನೋಡಿದೆವು

ನಮ್ಮ ಮಾವನ ಕೋಣೆಗೆ ಬಣ್ಣ ಹೊಡೆಸಿ ಆರು ತಿಂಗಳಾಯಿತು. ಮೂರು ಬಣ್ಣ ತಂದು, ಒಂದು ವಾರ ನೋಡಿ, ಒಂದನ್ನು ಆರಿಸಿದೆವು. ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಹಿಡಿದು ತಲೆ ಕೆಡಿಸಿಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆ ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಕೋಣೆ 12 ಅಡಿಗೆ 14 ಅಡಿ, ಎತ್ತರ 10 ಅಡಿ. ಇರುವುದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಬೆಳಿಗ್ಗೆ ಹತ್ತರವರೆಗೂ ಮಂಕು ಮಂಕು. ಮೂರು ಗಂಟೆ ಆಯಿತೆಂದರೆ ಬಿಸಿಲು ನೇರ ಮಂಚದ ಮೇಲೆ. ಕಿಟಕಿಯಾಚೆ ಪಕ್ಕದ ಮನೆಯ ಕಾಂಪೌಂಡು, ಗಾಢ ಗಿಳಿಹಸಿರು ಬಣ್ಣದ್ದು. ಈ ಕಾಂಪೌಂಡಿನ ವಿಷಯ ಆಮೇಲೆ ಹೇಳುತ್ತೇನೆ.

ಮಾವನಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿತ್ತು. ಎಡಗಣ್ಣಿನದು ಇನ್ನೂ ಆಗಿರಲಿಲ್ಲ. ದಿನದ ಹೆಚ್ಚು ಹೊತ್ತು ಅವರು ಆ ಕೋಣೆಯಲ್ಲೇ ಇರುತ್ತಾರೆ. ಹಾಗಾಗಿ ಬಣ್ಣ ಅವರಿಗೆ ಹಿತವಾಗಿರಬೇಕು ಅನ್ನುವುದೊಂದೇ ನನ್ನ ಲೆಕ್ಕ.

ಮೊದಲು ಹೋದ ಅಂಗಡಿಯಲ್ಲಿ ಒಂದು ಲೀಟರ್‌ಗಿಂತ ಕಡಿಮೆ ಮಿಕ್ಸ್ ಮಾಡಿಕೊಡಲ್ಲ ಅಂದರು. ಕಾರ್ಡ್ ನೋಡಿಯೇ ಆರಿಸಿ, ಎಲ್ಲರೂ ಹಾಗೇ ಮಾಡೋದು ಅಂದರು. ನನಗೆ ಬೇಜಾರಾಯಿತು. ಎರಡು ಬೆರಳಗಲದ ಕಾಗದ ನೋಡಿ ನಾಲ್ಕು ಗೋಡೆಯ ಬಣ್ಣ ಹೇಗೆ ಹೇಳುವುದು? ಇನ್ನೊಂದು ಅಂಗಡಿಯವರು 200 ಮಿ.ಲೀ. ಸ್ಯಾಂಪಲ್ ಡಬ್ಬಿಯಲ್ಲಿ ಮೂರೂ ಬಣ್ಣ ಮಾಡಿಕೊಟ್ಟರು. ಮುಚ್ಚಳದ ಮೇಲೆ ಕೋಡ್ ಬರೆದೂ ಕೊಟ್ಟರು. ಮೂರಕ್ಕೂ ಸೇರಿ ಖರ್ಚಾದದ್ದು ಪೇಂಟರ್ ಅವರ ಒಂದು ದಿನದ ಕೂಲಿಗಿಂತ ಕಡಿಮೆ.

ಹಳೇ ಗೋಡೆ ನೀಲಿ ಡಿಸ್ಟೆಂಪರ್‌ನದು. ಅದರ ಮೇಲೆ ಹಚ್ಚಿದರೆ ಪಕ್ಕದ ನೀಲಿ ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕೆ ದೊಡ್ಡ ಬಿಳಿ ಡ್ರಾಯಿಂಗ್ ಶೀಟ್‌ಗಳ ಮೇಲೆ, ಸುತ್ತಲೂ ಬಿಳಿ ಅಂಚು ಬಿಟ್ಟು, ಎರಡೆರಡು ಕೋಟ್ ಹಚ್ಚಿದೆ. ಒಣಗಿದ ಮೇಲೆ ದಿನಕ್ಕೊಂದು ಗೋಡೆಗೆ ಅಂಟಿಸುತ್ತಾ ಹೋದೆ. ಹಸಿ ಇದ್ದಾಗ ಬಣ್ಣ ಬೇರೆ ಥರ ಕಾಣುತ್ತದೆ, ಆಗ ತೀರ್ಮಾನ ಮಾಡಬೇಡಿ.

ಮೊದಲನೆಯದು ತೆಳು ಬೂದು. ಇದು ನನ್ನ ಮಗನ ಆಯ್ಕೆ. ಕಾರ್ಡಿನಲ್ಲಿ ತುಂಬಾ ಚೆನ್ನಾಗಿತ್ತು. ಕೋಣೆಗೆ ಬಂದಾಗ ಬೆಳಗಿನ ಮಂಕು ಬೆಳಕಿಗೆ ನೀಲಿಗೆ ತಿರುಗಿತು. ಟ್ಯೂಬ್‌ಲೈಟ್ ಹಾಕಿದರಂತೂ ಆಸ್ಪತ್ರೆ ವಾರ್ಡಿನ ನೆನಪು. ಆಪರೇಷನ್ ಆದ ಕಣ್ಣಿಗೆ ನೀಲಿ ಹೆಚ್ಚು ಢಾಳಾಗಿ ಕಾಣುತ್ತದೆ. ಮಾವ ಎಡಗಣ್ಣು ಮುಚ್ಚಿ ನೋಡಿ "ನೀಲಿ ಐತಲ್ಲಮ್ಮ" ಅಂದರು. ಬಲಗಣ್ಣು ಮುಚ್ಚಿ ನೋಡಿ "ಇಲ್ಲ, ಬೂದಿ ಬಣ್ಣ" ಅಂದರು. ಪೊರೆ ಇರುವ ಕಣ್ಣು ಎಲ್ಲಕ್ಕೂ ಹಳದಿ ಕನ್ನಡಕ ಹಾಕಿದ ಹಾಗೆ, ಅದಕ್ಕೇ ಹೀಗೆ. ಅವತ್ತಿನಿಂದ ಪ್ರತಿ ಬಣ್ಣವನ್ನೂ ಎರಡು ಕಣ್ಣಲ್ಲೂ ಬೇರೆ ಬೇರೆ ತೋರಿಸಿದೆ.

ಎರಡನೆಯದು ಪೀಚ್. ಬೆಳಿಗ್ಗೆ ಬೆಚ್ಚಗೆ, ಚೆಂದ. ಆದರೆ ನಾಲ್ಕು ಗಂಟೆಯ ಬಿಸಿಲಿಗೆ ಕಿತ್ತಳೆಯಾಗಿ ಉರಿಯಿತು. ಏಪ್ರಿಲ್‌ನ ನಮ್ಮೂರಿನ ಸೆಕೆಯಲ್ಲಿ ಆ ಬಣ್ಣ ನೋಡಿದರೇ ಬಾಯಾರಿಕೆ ಆಗುತ್ತಿತ್ತು. ಪೂರ್ವದ ಕಿಟಕಿ ಇದ್ದಿದ್ದರೆ ಅದನ್ನೇ ಹೊಡೆಸುತ್ತಿದ್ದೆ.

ಮೂರನೆಯದು ಹಳದಿ ಛಾಯೆಯ ಬಿಳಿ. ನಾನು ಸುಮ್ನೆ ಇರಲಿ ಅಂತ ತಂದದ್ದು. ಮಾವ ಹತ್ತಿರ ಹೋಗಿ ಬೆರಳಾಡಿಸಿ, "ಕೋರಾ ಬಟ್ಟೆ ಇದ್ದಂಗೈತೆ ನೋಡಮ್ಮ" ಅಂದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಬ್ಲೀಚ್ ಆಗದೆ, ಮಗ್ಗದಿಂದ ಆಗಷ್ಟೇ ಇಳಿದ ಬಟ್ಟೆಯೇ ಕೋರಾ. ಆ ಬಣ್ಣ ಅವರ ಎರಡೂ ಕಣ್ಣಿಗೆ ಹೆಚ್ಚು ಕಡಿಮೆ ಇಲ್ಲದೆ ಒಂದೇ ಥರ ಕಂಡಿತು. ಸಂಜೆ ಬಿಸಿಲಿಗೂ ಕೆರಳಲಿಲ್ಲ.

ಒಂದು ತೊಂದರೆ ಇತ್ತು. ಮಧ್ಯಾಹ್ನಕ್ಕೆ ಮುಂಚೆ ಆ ಹಸಿರು ಕಾಂಪೌಂಡಿಗೆ ಬಿಸಿಲು ಬಡಿದು, ಕಿಟಕಿ ಪಕ್ಕದ ಹಾಳೆ ತೆಳು ಹಸಿರಾಗಿ ಕಾಣುತ್ತಿತ್ತು. ಬಣ್ಣವೇ ಸರಿ ಇಲ್ಲ ಅಂತ ಮೊದಲು ಅಂದುಕೊಂಡೆ. ಕಿಟಕಿಗೆ ಬಿಳಿ ತೆಳು ಪರದೆ ಕಟ್ಟಿದ ಮೇಲೆ ಅದು ಬಹಳಷ್ಟು ಕಡಿಮೆಯಾಯಿತು. ಹಾಗಾಗಿ ಈ ಬಣ್ಣವನ್ನೇ ಆರಿಸಿದೆವು. ಟ್ಯೂಬ್‌ಲೈಟ್ ಬದಲು 3000 ಕೆಲ್ವಿನ್ ಅಂತ ಬರೆದ, ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿದೆವು. ನೀಲಿ ಬಿಳಿ ಬೆಳಕಿನ 6500 ಕೆಲ್ವಿನ್‌ನ ಬಲ್ಬ್‌ಗೆ ಇದೇ ಗೋಡೆ ಸುಣ್ಣದ ಹಾಗೆ ಪೇಲವ. ಬಣ್ಣ ಆರಿಸುವಾಗ ರಾತ್ರಿ ಉರಿಸುವ ಬಲ್ಬನ್ನೇ ಹಾಕಿ ನೋಡಬೇಕು, ಅಲ್ವಾ?

ಫಿನಿಶ್ ವಿಷಯದಲ್ಲಿ ಹೊಳಪು ಬೇಡ, ಮ್ಯಾಟ್ ಇರಲಿ ಅಂದೆ. ಹೊಳಪಿನ ಗೋಡೆಗೆ ಬಲ್ಬ್ ಬೆಳಕು ಬಿದ್ದರೆ ಮಾವನಿಗೆ ಕಣ್ಣು ಕುಕ್ಕುತ್ತದೆ. ಪುಟ್ಟಿಯ ಉಬ್ಬುತಗ್ಗೂ ಎದ್ದು ಕಾಣುತ್ತದೆ. ಆದರೆ ಮಂಚದ ತಲೆದಿಸೆಯಲ್ಲಿ ಈಗಾಗಲೇ ಕೊಬ್ಬರಿ ಎಣ್ಣೆಯ ಕಲೆ ಬಿದ್ದಿದೆ, ಒರೆಸಿದರೆ ಪೂರ್ತಿ ಹೋಗುತ್ತಿಲ್ಲ. ಆ ಗೋಡೆಗಾದರೂ ತೊಳೆಯಲು ಬರುವಂಥದ್ದನ್ನು ಹೊಡೆಸಬೇಕಿತ್ತು.

4 ಲೀಟರ್ ಸಾಕು ಅಂದುಕೊಂಡಿದ್ದೆವು. ಕೊನೆಯ ಗೋಡೆಯ ಎರಡನೇ ಕೋಟ್ ಅರ್ಧಕ್ಕೆ ಮುಗಿಯಿತು. ಅದೇ ಕೋಡ್ ಕೊಟ್ಟು ಇನ್ನೊಂದು ಲೀಟರ್ ತಂದರೂ ಒಂದು ಎಳೆ ವ್ಯತ್ಯಾಸ ಇತ್ತು. ನಮ್ಮ ಪೇಂಟರ್ ಅದನ್ನು ತೇಪೆ ಹಾಕದೆ, ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಸದಾಗಿ ಹೊಡೆದರು. ಈಗ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮದೂ ಇಷ್ಟೇ ದೊಡ್ಡ ಕೋಣೆಯಾದರೆ 5 ಲೀಟರ್ ಒಟ್ಟಿಗೇ ಮಿಕ್ಸ್ ಮಾಡಿಸಿ. ಎರಡು ಡಬ್ಬಿಯಾದರೆ ಹೊಡೆಯುವ ಮುಂಚೆ ಒಂದೇ ಬಕೆಟ್‌ಗೆ ಸುರಿದು ಕಲಸಿ.

ಹೋದ ತಿಂಗಳು ಮಾವನ ಎಡಗಣ್ಣಿನ ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಕೋಣೆ ಬಾಗಿಲಲ್ಲೇ ನಿಂತು, ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡಿದರು. ಆಮೇಲೆ ಹೋಗಿ ತಮ್ಮ ಮಂಚದ ಮೇಲೆ ಕೂತು ಕಾಫಿ ಕೇಳಿದರು.